ಕನಿಷ್ಠವೇ, ಗರಿಷ್ಠವೇ? ಬಿಡಿಸಿ ಬರೆಯಿರಿ

ನಮ್ಮ ಆಡಳಿತ, ವ್ಯಾಪಾರ ಮತ್ತು ಸುದ್ದಿಲೋಕ ಇಂದು ಪ್ರಮಾಣವನ್ನು ಹೇಳುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ. ‘ಅಟ್ ಲೀಸ್ಟ್’, ‘ಅಪ್ ಟು’, ‘ವಿದಿನ್’, ‘ಎ ನಂಬರ್ ಆಫ್’, ‘ಪರ್ಸೆಂಟ್’ ಮುಂತಾದ ಪದಗಳು ಸುತ್ತೋಲೆಗಳಲ್ಲಿ, ಬ್ಯಾಂಕಿನ ಪತ್ರಗಳಲ್ಲಿ, ಜಾಹೀರಾತುಗಳಲ್ಲಿ ನಿತ್ಯವೂ ಕಣ್ಣಿಗೆ ಬೀಳುತ್ತವೆ. ಕನ್ನಡದಲ್ಲಿ ಬರೆಯುವವರು ಕೂಡ ಇವನ್ನೇ ಮನಸ್ಸಿನಲ್ಲಿಟ್ಟುಕೊಂಡು ಅನುವಾದಿಸುವುದುಂಟು. ಸಂಖ್ಯೆಯನ್ನು ಎಚ್ಚರದಿಂದ ಓದುವ ನಾವು ಅದರ ಪಕ್ಕದಲ್ಲಿ ನಿಂತಿರುವ ಈ ಪುಟ್ಟ ಪದಗಳನ್ನು ಮಾತ್ರ ಗಮನಿಸದೆ ದಾಟಿಬಿಡುತ್ತೇವೆ. ಆದರೆ ನಾಗರಿಕನ ಹಕ್ಕು ಎಷ್ಟು, ಗ್ರಾಹಕನಿಗೆ ದಕ್ಕುವುದು ಎಷ್ಟು ಎಂಬುದು ಅನೇಕ ಸಂದರ್ಭಗಳಲ್ಲಿ ನಿರ್ಧಾರವಾಗುವುದು ಆ ಪುಟ್ಟ ಪದದಿಂದಲೇ.

ಶಾಲೆಯಲ್ಲಿ ಈ ವಿಷಯವನ್ನು ನಮಗೆ ಕಲಿಸಿದ್ದು ವ್ಯಾಕರಣವಾಗಿ. ‘ಎ ನಂಬರ್ ಆಫ್’ ಬಂದರೆ ಬಹುವಚನ, ‘ದಿ ನಂಬರ್ ಆಫ್’ ಬಂದರೆ ಏಕವಚನ. ಎಣಿಸಬಹುದಾದುದಕ್ಕೆ ‘ಫ್ಯೂಯರ್’, ಅಳೆಯಬೇಕಾದುದಕ್ಕೆ ‘ಲೆಸ್’. ಈ ಎರಡನೆಯ ನಿಯಮದ ಮೂಲವನ್ನು 1770ರಲ್ಲಿ ರಾಬರ್ಟ್ ಬೇಕರ್ ಎಂಬ ಆಂಗ್ಲ ಲೇಖಕ ವ್ಯಕ್ತಪಡಿಸಿದ ಅಭಿರುಚಿಯಲ್ಲಿ ಗುರುತಿಸುತ್ತಾರೆ. ಇಂತಹ ನಿಯಮ ತಪ್ಪಿದರೆ ಮೇಷ್ಟರು ಅಂಕ ಕಳೆಯಬಹುದೇ ಹೊರತು ಯಾರಿಗೂ ನಷ್ಟವಿಲ್ಲ. ನಷ್ಟವಾಗುವುದು ಕನಿಷ್ಠ ಯಾವುದು, ಗರಿಷ್ಠ ಯಾವುದು ಎಂಬುದೇ ಕಲಸಿಹೋದಾಗ.

2005ರಲ್ಲಿ ಸಂಸತ್ತು ಅಂಗೀಕರಿಸಿದ ಎರಡು ಕಾಯ್ದೆಗಳನ್ನು ನೋಡೋಣ. ಮೊದಲನೆಯದು ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ. ಅದರ 3ನೇ ಸೆಕ್ಷನ್ ಬಳಸಿದ ಮಾತು ‘ನಾಟ್ ಲೆಸ್ ದ್ಯಾನ್’ ಎಂದು. ಅಂದರೆ, ಕೌಶಲರಹಿತ ಕೆಲಸಕ್ಕೆ ಮುಂದೆ ಬಂದ ಪ್ರತಿ ಕುಟುಂಬಕ್ಕೆ ಆರ್ಥಿಕ ವರ್ಷವೊಂದರಲ್ಲಿ ನೂರು ದಿನಗಳಿಗೆ ಕಡಿಮೆಯಿಲ್ಲದಂತೆ ಕೆಲಸ ಒದಗಿಸಬೇಕು. ಆರ್ಥಿಕ ಸಾಮರ್ಥ್ಯಕ್ಕೆ ಅನುಗುಣವಾಗಿ ಅದಕ್ಕೂ ಹೆಚ್ಚು ದಿನ ಕೆಲಸ ಕೊಡಲು ಅದೇ ಸೆಕ್ಷನ್ನಿನಲ್ಲಿ ಅವಕಾಶವೂ ಇತ್ತು. ನೂರು ಎಂಬುದು ಅಲ್ಲಿ ಕೆಳಮಿತಿ. ಆದರೆ ದಿನಬಳಕೆಯ ಬರಹದಲ್ಲಿ ಅದು ‘ಅಪ್ ಟು ಹಂಡ್ರೆಡ್ ಡೇಸ್’ ಆಯಿತು. ಕನ್ನಡದಲ್ಲಿ ‘ನೂರು ದಿನಗಳವರೆಗೆ’ ಎಂದಾಯಿತು. ಬರದಂತಹ ಸಂದರ್ಭಗಳನ್ನು ಬಿಟ್ಟರೆ ನೂರು ದಿನ ದಾಟಿದ ಕೆಲಸದ ವೆಚ್ಚ ರಾಜ್ಯಗಳ ಹೆಗಲಿಗೆ ಬೀಳುತ್ತಿದ್ದುದರಿಂದ ಆಚರಣೆಯೂ ಆ ಬರಹವನ್ನೇ ಅನುಸರಿಸಿತು. ಕೆಳಮಿತಿಯಾಗಿ ಹುಟ್ಟಿದ ಸಂಖ್ಯೆ ಮೇಲ್ಮಿತಿಯಾಗಿ ಬದುಕಿತು. ‘ನೂರು ದಿನಗಳವರೆಗೆ’ ಎಂದು ಓದಿದ ಕೂಲಿಕಾರನಿಗೆ ನಲವತ್ತು ದಿನ ಕೆಲಸ ಸಿಕ್ಕಿದರೆ ದೂರುವುದಕ್ಕೆ ಏನಿದೆ? ನಲವತ್ತೂ ನೂರರೊಳಗಿನ ಸಂಖ್ಯೆಯೇ ತಾನೇ? 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಬದಲಿಗೆ 125 ದಿನಗಳ ಖಾತರಿಯ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಸಂಖ್ಯೆ ದೊಡ್ಡದಾಗಿದೆ. ಅದರ ಪಕ್ಕದ ಪದವನ್ನು ನಾವು ಹೇಗೆ ಬರೆಯುತ್ತೇವೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಎರಡನೆಯದು ಮಾಹಿತಿ ಹಕ್ಕು ಕಾಯ್ದೆ. ಅದರ 7ನೇ ಸೆಕ್ಷನ್ ಪ್ರಕಾರ ಮಾಹಿತಿಯನ್ನು ಸಾಧ್ಯವಾದಷ್ಟು ಬೇಗ ಕೊಡಬೇಕು. ಏನೇ ಆದರೂ ಅರ್ಜಿ ತಲುಪಿದ ಮೂವತ್ತು ದಿನಗಳ ಒಳಗೆ ಕೊಡಲೇಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳ ಒಳಗೆ. ‘ಒಳಗೆ’ ಎಂಬುದು ಇಲ್ಲಿ ಮೇಲ್ಮಿತಿ. ಕಡತ ಕಪಾಟಿನಲ್ಲೇ ಇದ್ದರೆ ಮೂರನೆಯ ದಿನವೇ ಉತ್ತರ ಹೋಗಬೇಕು ಎಂಬುದು ಶಾಸನದ ಆಶಯ. ಕಚೇರಿಗಳ ರೂಢಿಯೇ ಬೇರೆ. ‘ಇನ್ನೂ ಮೂವತ್ತು ದಿನ ಆಗಿಲ್ಲವಲ್ಲ’ ಎಂಬುದು ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ. ಗರಿಷ್ಠ ಅವಧಿಯೇ ಕನಿಷ್ಠ ಅವಧಿಯಾಗಿಬಿಟ್ಟಿದೆ. ನಮ್ಮ ರಾಜ್ಯದ ‘ಸಕಾಲ’ ಯೋಜನೆಯಲ್ಲಿ ಸೇವೆಗಳಿಗೆ ಗೊತ್ತುಪಡಿಸಿದ ದಿನಗಳನ್ನೂ ಇದೇ ರೀತಿ ಓದುವವರಿದ್ದಾರೆ.

ಈ ಎರಡು ತಪ್ಪುಗಳೂ ಒಂದೇ ದಿಕ್ಕಿಗೆ ವಾಲಿರುವುದನ್ನು ಗಮನಿಸಬೇಕು. ಕೊಡಬೇಕಾದಾಗ ಕನಿಷ್ಠವು ಗರಿಷ್ಠವಾಗುತ್ತದೆ. ಕಾಯಿಸಬೇಕಾದಾಗ ಗರಿಷ್ಠವು ಕನಿಷ್ಠವಾಗುತ್ತದೆ. ಎರಡರಲ್ಲೂ ಅನುಕೂಲ ಕೊಡುವವನಿಗೆ, ನಷ್ಟ ಪಡೆಯುವವನಿಗೆ. ಆದ್ದರಿಂದ ಇದನ್ನು ಕೇವಲ ಭಾಷೆಯ ಅಜಾಗರೂಕತೆ ಎಂದು ಕ್ಷಮಿಸುವುದು ಕಷ್ಟ.

ವ್ಯಾಪಾರಿಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ‘ಅಪ್ ಟು 50 ಪರ್ಸೆಂಟ್ ಆಫ್’ ಎಂಬ ಫಲಕದಲ್ಲಿ 50 ಎಂಬುದು ಆಳೆತ್ತರ, ‘ಅಪ್ ಟು’ ಎಂಬುದು ಇರುವೆಯಷ್ಟು. ಅಂಗಡಿಯ ಸಾವಿರ ಸೀರೆಗಳಲ್ಲಿ ಹತ್ತಕ್ಕೆ ಮಾತ್ರ ಅರ್ಧ ಬೆಲೆ, ಉಳಿದವಕ್ಕೆ ಶೇ 5ರ ರಿಯಾಯಿತಿ ಎಂದಿಟ್ಟುಕೊಳ್ಳಿ. ಫಲಕದಲ್ಲಿ ಅಕ್ಷರಶಃ ಸುಳ್ಳೇನೂ ಇಲ್ಲ. ಇಂಟರ್‌ನೆಟ್ ವೇಗದ ಭರವಸೆಯೂ ಇದೇ ಜಾತಿಯದು. ‘ಅಪ್ ಟು’ ಇದ್ದಲ್ಲಿ ‘ಕನಿಷ್ಠ ಎಷ್ಟು?’ ಎಂದು ಕೇಳುವುದನ್ನು ಗ್ರಾಹಕ ರೂಢಿಸಿಕೊಳ್ಳಬೇಕು.

ಶೇಕಡಾವಾರು ಲೆಕ್ಕದಲ್ಲಿ ಗೊಂದಲ ಇನ್ನೂ ಹೆಚ್ಚು. 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.50ರಿಂದ ಶೇ 6.25ಕ್ಕೆ ಇಳಿಸಿತು. ಇಂತಹ ಇಳಿಕೆಯನ್ನು ‘ಶೇ 0.25ರಷ್ಟು’ ಎಂದು ಬರೆಯುವುದು ವಾಡಿಕೆ. ನಿಜಕ್ಕೂ ದರ ತನ್ನ ಶೇ 0.25ರಷ್ಟು ಮಾತ್ರ ಇಳಿದಿದ್ದರೆ ಸುಮಾರು 6.48ಕ್ಕೆ ಬಂದು ನಿಲ್ಲಬೇಕಿತ್ತು. ಇಳಿದದ್ದು 0.25 ಪರ್ಸೆಂಟೇಜ್ ಪಾಯಿಂಟ್. ಹಿಂದಿನ ದರಕ್ಕೆ ಹೋಲಿಸಿದರೆ ಅದು ಶೇ 3.8ಕ್ಕಿಂತ ಹೆಚ್ಚು. ಇದು ಅರ್ಥಶಾಸ್ತ್ರದ ಮೇಷ್ಟರ ಹಟವಲ್ಲ. ಸಾಲದ ಬಡ್ಡಿ ಶೇ 8ರಿಂದ ಶೇ 9ಕ್ಕೆ ಏರಿದಾಗ ‘ಒಂದೇ ಪರ್ಸೆಂಟ್ ಜಾಸ್ತಿ’ ಎಂದು ಹೇಳುವುದುಂಟು. ಹತ್ತು ಲಕ್ಷ ರೂಪಾಯಿ ಅಸಲಿನ ಮೇಲೆ ವರ್ಷದ ಬಡ್ಡಿ 80,000 ರೂಪಾಯಿಯಿಂದ 90,000ಕ್ಕೆ ಏರಿರುತ್ತದೆ. ಅಂದರೆ ಬಡ್ಡಿಯ ಹೊರೆ ಹೆಚ್ಚಿರುವುದು ಶೇ 12.5ರಷ್ಟು.

ಹಣದುಬ್ಬರದ ಕಥೆಯೂ ಹೀಗೆಯೇ. ಹಣದುಬ್ಬರ ಶೇ 6ರಿಂದ ಶೇ 4ಕ್ಕೆ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದು ಅರ್ಥವಲ್ಲ. ನೂರು ರೂಪಾಯಿಯ ವಸ್ತು ಮೊದಲ ವರ್ಷ 106 ಆಗಿ, ಮರುವರ್ಷ 110 ದಾಟಿರುತ್ತದೆ. ಏರಿಕೆಯ ವೇಗ ತಗ್ಗಿದೆ, ಅಷ್ಟೇ. ‘ಇಳಿದಿದೆ’ ಎಂದು ಓದಿ ಮಾರುಕಟ್ಟೆಗೆ ಹೋದ ಗೃಹಿಣಿ ಅಂಕಿ-ಅಂಶಗಳೇ ಸುಳ್ಳೆಂದು ತೀರ್ಮಾನಿಸಿದರೆ ಅದು ಆಕೆಯ ದೋಷವಲ್ಲ, ಬರೆದವರ ದೋಷ.

ಇನ್ನು ಕಡತಗಳ ಪ್ರಿಯವಾದ ಮಾತು ‘ಎ ನಂಬರ್ ಆಫ್’. ಹೆಸರಿನಲ್ಲಿ ನಂಬರ್ ಇದೆ, ಒಳಗೆ ನಂಬರ್ ಇಲ್ಲ. ‘ಹಲವಾರು ಮನವಿಗಳು ಬಂದಿವೆ’ ಎಂಬ ಟಿಪ್ಪಣಿಯನ್ನು ಸೇವೆಯಲ್ಲಿದ್ದಷ್ಟು ಕಾಲವೂ ಓದಿದ್ದೇನೆ. ಮೂರು ಮನವಿಗಳಿಗೂ ಅದೇ ಮಾತು, ಮೂರು ಸಾವಿರಕ್ಕೂ ಅದೇ ಮಾತು. ‘ಬಹುತೇಕ ಪ್ರಕರಣಗಳು ಇತ್ಯರ್ಥವಾಗಿವೆ’ ಎಂದರೆ ನೂರರಲ್ಲಿ 51 ಇರಬಹುದು, 95 ಇರಬಹುದು. ಸಂಖ್ಯೆ ಬರೆದರೆ ನಾಳೆ ಯಾರಾದರೂ ಲೆಕ್ಕ ಕೇಳಿಯಾರು. ಪದ ಬರೆದರೆ ಕೇಳುವಂತಿಲ್ಲ. ಬ್ರಿಟಿಷ್ ಸರ್ಕಾರದ ಹಣಕಾಸು ಇಲಾಖೆಯ ಕೋರಿಕೆಯ ಮೇರೆಗೆ ಸರ್ ಅರ್ನೆಸ್ಟ್ ಗವರ್ಸ್ 1948ರಲ್ಲಿ ‘ಪ್ಲೇನ್ ವರ್ಡ್ಸ್’ ಎಂಬ ಕೈಪಿಡಿಯನ್ನು ಬರೆದದ್ದು, ಸರ್ಕಾರಿ ನೌಕರರು ಜನರಿಗೆ ಅರ್ಥವಾಗುವಂತೆ ನೇರವಾಗಿ ಬರೆಯಲಿ ಎಂದೇ. ಬ್ರಿಟಿಷರಿಂದ ನಾವು ಕಡತದ ಭಾಷೆಯನ್ನು ಪಡೆದೆವು. ಅವರೇ ಅದಕ್ಕೆ ಕಂಡುಕೊಂಡ ಮದ್ದನ್ನು ಪಡೆಯಲಿಲ್ಲ. ಅಂಕೆ ಎಂದರೆ ಕನ್ನಡದಲ್ಲಿ ಸಂಖ್ಯೆಯೂ ಹೌದು, ಹತೋಟಿಯೂ ಹೌದು. ಅಂಕೆಯಿಲ್ಲದ ಕಪಿ ಲಂಕೆಯನ್ನು ಸುಟ್ಟಿತೆಂಬ ಗಾದೆ ಆಡಳಿತಕ್ಕೆ ಎರಡೂ ಅರ್ಥದಲ್ಲಿ ಒಪ್ಪುತ್ತದೆ.

ಎಲ್ಲ ಕಡೆಯೂ ಕರಾರುವಾಕ್ಕಾದ ಸಂಖ್ಯೆಯೇ ಬೇಕು ಎಂಬುದು ನನ್ನ ವಾದವಲ್ಲ. ಎಣಿಸಲಾಗದ ಜನಸಂದಣಿಗೆ ‘48,217’ ಎಂದು ಬರೆಯುವುದು ಇನ್ನೊಂದು ಬಗೆಯ ಸುಳ್ಳು. ಅಂದಾಜನ್ನು ಅಂದಾಜೆಂದೇ ಹೇಳುವುದು ಪ್ರಾಮಾಣಿಕತೆ. ಅದಕ್ಕೆ ಕನ್ನಡದಲ್ಲಿ ಪದಗಳ ಬಡತನವೇನಿಲ್ಲ. ಒಂದೆರಡು, ಐದಾರು, ಹತ್ತಿಪ್ಪತ್ತು – ಇವು ಅಂದಾಜಿನ ಮಾತುಗಳೇ ಆದರೂ ತಮ್ಮ ಎಲ್ಲೆಯನ್ನು ತಾವೇ ಹೇಳುತ್ತವೆ. ‘ಹತ್ತಿಪ್ಪತ್ತು ಜನ ಬಂದಿದ್ದರು’ ಎಂದರೆ ನೂರು ಜನ ಬಂದಿರಲಿಲ್ಲ ಎಂಬುದು ಕೇಳಿದವನಿಗೆ ಗೊತ್ತಾಗುತ್ತದೆ. ಇಂತಹ ಪದಗಳನ್ನು ಬಿಟ್ಟು ‘ದೊಡ್ಡ ಸಂಖ್ಯೆಯಲ್ಲಿನ ಜನರು’ ಎಂದು ಬರೆಯುವುದೇಕೆ? ಸರಿಯಾಗಿ, ತಕ್ಕಷ್ಟು ಎಂಬ ಅರ್ಥದ ‘ಬರೋಬ್ಬರಿ’ಯನ್ನು ಇಂಗ್ಲಿಷಿನ ‘ಆ್ಯಸ್ ಮೆನಿ ಆ್ಯಸ್’ ಜಾಗಕ್ಕೆ ತಂದು, ಪ್ರತಿ ಸಂಖ್ಯೆಗೂ ಬೆರಗಿನ ಚಿಹ್ನೆಯಂತೆ ಅಂಟಿಸುವುದೇಕೆ?

ದೊಡ್ಡ ಮೊತ್ತಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬಿಲಿಯನ್ ಎಂದರೆ ಎಷ್ಟೆಂಬುದರಲ್ಲಿ ಇಂಗ್ಲಿಷರಲ್ಲೇ ಒಮ್ಮತವಿರಲಿಲ್ಲ. ಸಾವಿರ ಮಿಲಿಯನ್ ಎಂಬ ಅರ್ಥವನ್ನು ಬ್ರಿಟಿಷ್ ಸರ್ಕಾರ ಅಧಿಕೃತವಾಗಿ ಒಪ್ಪಿದ್ದು 1974ರಲ್ಲಿ. ನಮ್ಮ ಓದುಗರಿಗೆ ನೂರು ಕೋಟಿ ಎಂದರೆ ಅನುಮಾನಕ್ಕೆ ಎಡೆಯೇ ಇಲ್ಲ.

ಆದ್ದರಿಂದ ಸಲಹೆ ಸರಳ. ಸರ್ಕಾರದ ಆದೇಶ, ಪ್ರಕಟಣೆ ಮತ್ತು ಅರ್ಜಿ ನಮೂನೆಗಳಲ್ಲಿ ಸಂಖ್ಯೆ ಬಂದ ಕಡೆಯೆಲ್ಲ ಅದು ಕನಿಷ್ಠವೇ ಗರಿಷ್ಠವೇ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಬರೆಯಲಿ. ಸೌಲಭ್ಯವಾದರೆ ‘ಇದಕ್ಕಿಂತ ಕಡಿಮೆ ಕೊಡುವಂತಿಲ್ಲ’, ಕಾಲಾವಧಿಯಾದರೆ ‘ಇದಕ್ಕಿಂತ ತಡ ಮಾಡುವಂತಿಲ್ಲ’ ಎಂಬ ಒಂದು ಸಾಲು ಸಾಕು. ಪತ್ರಿಕೆಗಳು ಶೇಕಡಾ ಲೆಕ್ಕ ಕೊಡುವಾಗ ಎಷ್ಟರಿಂದ ಎಷ್ಟಕ್ಕೆ ಎಂಬುದನ್ನೂ ಕೊಡಲಿ. ಇದಕ್ಕೆ ಹೊಸ ಸಮಿತಿ ಬೇಕಿಲ್ಲ, ಹೆಚ್ಚುವರಿ ಅನುದಾನವೂ ಬೇಕಿಲ್ಲ. ಪಂಚಾಯಿತಿ ಕಚೇರಿಯ ಗೋಡೆಯ ಮೇಲಿನ ಫಲಕವನ್ನು ನಿಂತು ಓದುವ ವ್ಯಕ್ತಿಗೆ ತನಗೆ ಎಷ್ಟು ಸಲ್ಲಬೇಕು, ಯಾವಾಗ ಸಲ್ಲಬೇಕು ಎಂಬುದು ಯಾರನ್ನೂ ಕೇಳದೆ ತಿಳಿದರೆ, ಆ ಬರಹ ಸರಿಯಾಗಿದೆ ಎಂದರ್ಥ.