ನೂರು ವರ್ಷ ಕಾಯಬೇಕೆ?

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ, ಕನಿಷ್ಠ 100 ವರ್ಷ ಹಳೆಯದಲ್ಲದ್ದು ಪ್ರಾಚೀನ ಸ್ಮಾರಕವಲ್ಲ. ಗೋರಿ, ಕೋಟೆಗಳ ದೆಹಲಿಯಲ್ಲಿ ಈ ಲೆಕ್ಕ ಹಿಡಿದರೆ ಓಲ್ಡ್ ರಾಜಿಂದರ್ ನಗರಕ್ಕೆ ಚರಿತ್ರೆಯೇ ಇಲ್ಲ.

ಇದು ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದವರಿಗಾಗಿ ಎದ್ದ ಬಡಾವಣೆ. ಆ ಪುಟ್ಟ ಮನೆಗಳ ಜಾಗದಲ್ಲಿ ಮಹಡಿಗಳೆದ್ದವು, ಕೆಳಗೆ ನೆಲಮಾಳಿಗೆಗಳಾದವು. ಐಎಎಸ್ ಕನಸು ಹೊತ್ತು ದೇಶದ ಮಕ್ಕಳೆಲ್ಲ ಬಂದರು, ನಮ್ಮವರೂ ಬಂದರು. 2024ರ ಜುಲೈ 27ರ ಸಂಜೆ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ಅಭ್ಯರ್ಥಿಗಳು ಸತ್ತರು. ಅದಕ್ಕೆ ಅನುಮತಿಯಿದ್ದದ್ದು ವಾಹನ ನಿಲ್ಲಿಸಲು, ಸಾಮಾನು ಇಡಲು. ಓದಲು ಅಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಹತ್ತನೆಯ ಶತಮಾನದಲ್ಲಿ, ಕಾಡುಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದರು. ಸಾವು ಹಳೆಯದಾಗಲೆಂದು ಕಾಯಲಿಲ್ಲ. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಸಂದದ್ದು ಓದಲು ಬಂದ ಮಕ್ಕಳಿಗೆ ಸಲ್ಲಬಾರದೆ?

ಇಂಥ ಫಲಕದಿಂದ ಬಡಾವಣೆಗೆ ಕೆಟ್ಟ ಹೆಸರು, ಬಾಡಿಗೆ ಇಳಿಯುತ್ತದೆ ಎನ್ನಬಹುದು. ಇಳಿಯಲಿ. ಫಲಕವಿರುವುದು ಊರನ್ನು ಹೊಗಳುವುದಕ್ಕಲ್ಲ. ಈ ಬೀದಿ ಯಾರಿಗಾಗಿ ಕಟ್ಟಿದ್ದು, ಇಲ್ಲಿ ಯಾರು ಸತ್ತರು, ಆ ನೆಲಮಾಳಿಗೆಗೆ ಯಾತಕ್ಕೆ ಅನುಮತಿಯಿತ್ತು: ಮೂರೇ ಸಾಲು ಸಾಕು. ಹಿಂದಿ, ಇಂಗ್ಲಿಷಿನಲ್ಲಷ್ಟೇ ಬೇಡ. ಮಕ್ಕಳನ್ನು ಕಳಿಸುವ ಎಲ್ಲ ನಾಡುಗಳ ನುಡಿಯಲ್ಲಿರಲಿ, ಕನ್ನಡದಲ್ಲೂ ಇರಲಿ. ಮಗಳಿಗೆ ಕೋಣೆ ಹುಡುಕಿಕೊಡಲು ಬಂದ ಅಪ್ಪ ಮುಂಗಡ ಎಣಿಸುವ ಮೊದಲು ಅದನ್ನು ಓದಲಿ.