ಕಿವಿಯಿಲ್ಲದ ವಿಶ್ವಸಂಸ್ಥೆ

ಕಾಲೇಜಿಗೆ ಹೋಗುವ ಮಗನೋ ಮಗಳೋ ಇರುವ ಮನೆಯಾದರೆ, ಬೆಂಗಳೂರಿನ ವಾಚಕರಿಗೆ ಈ ಸಮ್ಮೇಳನದ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಒಂದು ಶನಿವಾರ ಬೆಳಿಗ್ಗೆ ಹುಡುಗನು ಬೇಸಗೆಯನ್ನೂ ಲೆಕ್ಕಿಸದೆ ಅಪ್ಪನ ಮದುವೆಯ ಕೋಟು ತೊಟ್ಟು, ಟೈ ಬಿಗಿದು, "ಈ ಹೊತ್ತು ನಾನು ನಾರ್ವೆ" ಎಂದು ಹೇಳಿ ಹೊರಡುತ್ತಾನೆ. "ನಾರ್ವೆಯಾದರೂ ಆಗು, ತಿಂಡಿ ತಿಂದು ಹೋಗು" ಎನ್ನುತ್ತಾಳೆ ತಾಯಿ. ಇದೇ ಮಾದರಿ ವಿಶ್ವಸಂಸ್ಥೆ. ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದೊಂದು ದೇಶದ ಹೆಸರಿನ ಫಲಕವನ್ನು ಮುಂದಿಟ್ಟುಕೊಂಡು ಎರಡು ಮೂರು ದಿನ ಲೋಕದ ವ್ಯವಹಾರಗಳನ್ನು ಚರ್ಚಿಸಿ ನಿರ್ಣಯಗಳನ್ನು ಬರೆಯುತ್ತಾರೆ. ಇತ್ತೀಚೆಗೆ ಇದರ ಜತೆಗೆ ಉಪನ್ಯಾಸಗಳೂ ಕಮ್ಮಟಗಳೂ ಸೇರಿಕೊಂಡಿವೆ.

ಇಂಥ ಆಟವೇ ತಪ್ಪೆಂದು ಹೇಳುವ ಮೇಷ್ಟರು ನಾನಲ್ಲ. ೧೯೨೦ರ ದಶಕದಲ್ಲಿಯೇ, ವಿಶ್ವಸಂಸ್ಥೆ ಹುಟ್ಟುವ ಮುಂಚೆಯೇ, ಅಮೆರಿಕದ ಕಾಲೇಜುಗಳಲ್ಲಿ ಮಾದರಿ ರಾಷ್ಟ್ರಸಂಘವೆಂದು ಇದು ನಡೆಯುತ್ತಿತ್ತು. ಕಂಡರಿಯದ ದೇಶವೊಂದರ ಕಷ್ಟವನ್ನು ಎರಡು ದಿನ ತನ್ನದೆಂದು ವಾದಿಸುವುದು ನಟನೆಯೇ ಆದರೂ ಒಳ್ಳೆಯ ನಟನೆ. ಹತ್ತೊಂಬತ್ತರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಭೂಗೋಳದ ಪಾಠ ಸಿಗಲಾರದು. ನನ್ನ ತಕರಾರು ಒಂದೇ: ಇವರು ವಿಶ್ವಸಂಸ್ಥೆಯ ಬಾಯನ್ನು ನಕಲು ಮಾಡಿದರು, ಕಿವಿಯನ್ನು ಬಿಟ್ಟರು.

ಕಳೆದ ವರ್ಷ ನಮ್ಮ ಕಾಲೇಜಿನಿಂದ ಐವರು ವಿದ್ಯಾರ್ಥಿಗಳನ್ನು ಇಂಥದೊಂದು ಸಮ್ಮೇಳನಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷ್ ವಿಭಾಗದವರಿಗೆ ಪರೀಕ್ಷೆಯ ಕೆಲಸವಿತ್ತು. ಕನ್ನಡ ಮೇಷ್ಟರಿಗೆ ಯಾವಾಗಲೂ ಬಿಡುವೇ ಎಂಬುದು ಕಾಲೇಜುಗಳಲ್ಲಿ ಬಹುಕಾಲದ ನಂಬಿಕೆ. ಐವರಲ್ಲಿ ಒಬ್ಬಳು ಮಂಡ್ಯ ಜಿಲ್ಲೆಯ ಹುಡುಗಿ, ಬಿ.ಎ. ಎರಡನೆಯ ವರ್ಷದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಊರು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ. ಆಕೆಗೆ ಸಿಕ್ಕ ದೇಶ ಬಾಂಗ್ಲಾದೇಶ, ಚರ್ಚೆಯ ವಿಷಯ ಗಡಿ ದಾಟುವ ನದಿಗಳು. ಹೋಗುವ ಮುಂಚೆ ಒಂದು ತಿಂಗಳು ಗ್ರಂಥಾಲಯದಲ್ಲಿ ಕೂತು ಓದಿದಳು. ಗಂಗೆಗೆ ಅಡ್ಡವಾಗಿ ಕಟ್ಟಿದ ಫರಕ್ಕಾ ಅಣೆಕಟ್ಟು ೧೯೭೫ರಲ್ಲಿ ಕೆಲಸ ಮಾಡತೊಡಗಿದ್ದು, ಮರುವರ್ಷವೇ ಬಾಂಗ್ಲಾದೇಶ ಆ ದೂರನ್ನು ವಿಶ್ವಸಂಸ್ಥೆಗೆ ಒಯ್ದದ್ದು, ೧೯೯೬ರಲ್ಲಿ ಮೂವತ್ತು ವರ್ಷದ ಒಪ್ಪಂದವಾದದ್ದು, ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದಳು. "ಸಾರ್, ನಮ್ಮೂರೂ ಒಂಥರಾ ಬಾಂಗ್ಲಾದೇಶಾನೇ. ಮೇಲಿನವರು ಕಟ್ಟಿಕೊಂಡು ಮಿಕ್ಕಿದ್ದೇ ನಮಗೆ ಬರೋದು" ಎಂದು ನನಗೆ ಹೇಳಿದಳು. ವಿಷಯದ ತಿರುಳನ್ನು ಇಷ್ಟು ಚೆನ್ನಾಗಿ ಹಿಡಿದವರನ್ನು ಆ ಮೂರು ದಿನಗಳಲ್ಲಿ ನಾನು ಮತ್ತೊಬ್ಬರನ್ನು ಕಾಣಲಿಲ್ಲ.

ಮೊದಲ ದಿನ ಉಪನ್ಯಾಸ. ವಿದೇಶಾಂಗ ಸೇವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮೆಲುದನಿಯಲ್ಲಿ ಮಾತನಾಡಿದರು. ರಾಯಭಾರಿಯ ಕೆಲಸದಲ್ಲಿ ಮುಕ್ಕಾಲುಪಾಲು ಕೇಳಿಸಿಕೊಳ್ಳುವುದೇ ಎಂದರು. ಎದುರಿನವನು ಬಾಯಿಬಿಟ್ಟು ಹೇಳದ್ದನ್ನೂ ತಿಳಿಯಬೇಕೆಂದರು. ಸಭೆಯಲ್ಲಿ ಮುಕ್ಕಾಲುಪಾಲು ಜನ ತಮ್ಮ ಮೊಬೈಲುಗಳನ್ನು ನೋಡಿಕೊಳ್ಳುತ್ತಿದ್ದರು.

ಮಧ್ಯಾಹ್ನ ಕಮ್ಮಟ. ನಡೆಸಿದವನು ಇಪ್ಪತ್ತೆರಡರ ತರುಣ, ಚೂಟಿಯಾದವನು, ಹಿಂದಿನ ಸಮ್ಮೇಳನಗಳಲ್ಲಿ ಬಹುಮಾನಗಳನ್ನು ಗೆದ್ದವನು. ಆತ ಬೆಳಿಗ್ಗೆಯ ಉಪನ್ಯಾಸಕ್ಕೆ ಸಾಲು ಸಾಲಾಗಿ ವಿರುದ್ಧವಾದುದನ್ನು ಕಲಿಸಿದ. ಮೊದಲ ಹತ್ತು ಸೆಕೆಂಡಿನಲ್ಲಿ ಸಭೆಯನ್ನು ಹಿಡಿಯಿರಿ. ಗುಂಪಿನಲ್ಲಿ ಕಾಗದ ನಿಮ್ಮ ಕೈಯಲ್ಲಿಯೇ ಇರಲಿ. ಬೇರೆಯವರು ಮಾತನಾಡುತ್ತಿರುವಾಗ ನಿಮ್ಮ ಮುಂದಿನ ಭಾಷಣವನ್ನು ಸಿದ್ಧಮಾಡಿಕೊಳ್ಳಿ. ಎಲ್ಲರೂ ಬರೆದುಕೊಂಡರು. ನಮ್ಮ ಹುಡುಗಿ ಎದ್ದು ನಿಂತು, ತಡವರಿಸುವ ಇಂಗ್ಲಿಷಿನಲ್ಲಿಯೇ, ತಾನು ಭಾಷಣವನ್ನು ಕನ್ನಡದಲ್ಲಿ ಮಾಡಿ ಜತೆಯವರೊಬ್ಬರು ಅದನ್ನು ಇಂಗ್ಲಿಷಿಗೆ ಹೇಳಬಹುದೆ ಎಂದು ಕೇಳಿದಳು. ಆತ ನಕ್ಕು, ಸೌಜನ್ಯದಿಂದಲೇ, ಇದು ವಿಶ್ವಸಂಸ್ಥೆ, ಇಲ್ಲಿ ಇಂಗ್ಲಿಷ್ ಮಾತ್ರ, ಕನ್ನಡಕ್ಕೆ ಸಂಜೆಯ ಮನರಂಜನೆಯಲ್ಲಿ ಅವಕಾಶವುಂಟು ಎಂದ. ಸಭೆಯೂ ನಕ್ಕಿತು. ಹುಡುಗಿ ಕುಳಿತಳು. ಕೊನೆಯ ಸಾಲಿನಲ್ಲಿದ್ದ ನಾನು, ಇಪ್ಪತ್ತು ವರ್ಷ ಕನ್ನಡ ಕಲಿಸಿದವನು, ಸುಮ್ಮನೆ ಕುಳಿತಿದ್ದೆ. ಆ ದಿನ ಆಡಬೇಕಾಗಿದ್ದ ಮಾತನ್ನು ಈಗ ಆಡುತ್ತಿದ್ದೇನೆ.

ಆ ತರುಣ ಹೇಳಿದ್ದು ಕಟುವೋ ಸೌಮ್ಯವೋ ಎಂಬುದು ಪ್ರಶ್ನೆಯಲ್ಲ. ಅದು ಸುಳ್ಳು ಎಂಬುದೇ ಪ್ರಶ್ನೆ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಒಂದಲ್ಲ, ಆರು: ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಅರಬ್ಬಿಯನ್ನು ಮಹಾಸಭೆ ಸೇರಿಸಿಕೊಂಡದ್ದು ೧೯೭೩ರಲ್ಲಿ. ಅಷ್ಟೇ ಅಲ್ಲ, ಮಹಾಸಭೆಯ ಕಾರ್ಯವಿಧಾನದ ೫೩ನೆಯ ನಿಯಮದ ಪ್ರಕಾರ ಯಾವ ಪ್ರತಿನಿಧಿಯಾದರೂ ಈ ಆರಕ್ಕೆ ಸೇರದ ಭಾಷೆಯಲ್ಲಿಯೂ ಮಾತನಾಡಬಹುದು; ಆರರಲ್ಲೊಂದಕ್ಕೆ ಅದನ್ನು ಹೇಳುವ ದುಭಾಷಿಯನ್ನು ತಾನೇ ಒದಗಿಸಿಕೊಳ್ಳಬೇಕು. ನಮ್ಮ ಹುಡುಗಿ ಕೇಳಿದ್ದು ಅಕ್ಷರಶಃ ಇದನ್ನೇ! ನಿಯಮದ ಪುಸ್ತಕವನ್ನು ಓದದೆಯೇ ಆಕೆ ನಿಯಮವನ್ನು ಕಂಡುಕೊಂಡಿದ್ದಳು. ಪುಸ್ತಕವನ್ನು ಕಲಿಸಬೇಕಾದವನು ಅದನ್ನು ಓದಿರಲಿಲ್ಲ.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಆಕೆ ಪ್ರತಿನಿಧಿಸಿದ ಬಾಂಗ್ಲಾದೇಶ ೧೯೭೪ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸದಸ್ಯವಾಯಿತು. ಅದೇ ತಿಂಗಳು ಶೇಖ್ ಮುಜೀಬುರ್ ರಹಮಾನರು ಮಹಾಸಭೆಯಲ್ಲಿ ನಿಂತು ಮಾತನಾಡಿದ್ದು ಬಂಗಾಳಿಯಲ್ಲಿ. ಭಾಷೆಗಾಗಿ ರಕ್ತ ಚೆಲ್ಲಿದ ನಾಡಿನ ನಾಯಕ ಬೇರೆ ಯಾವ ಭಾಷೆಯಲ್ಲಿ ಮಾತನಾಡಿಯಾರು? ೧೯೭೭ರಲ್ಲಿ ವಿದೇಶಾಂಗ ಸಚಿವರಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರು ಅಲ್ಲಿಯೇ ಹಿಂದಿಯಲ್ಲಿ ಮಾತನಾಡಿದರು. ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶಕ್ಕಿದ್ದ ಸ್ವಾತಂತ್ರ್ಯ ಬೆಂಗಳೂರಿನ ಬಾಂಗ್ಲಾದೇಶಕ್ಕೆ ಇಲ್ಲವಾಯಿತು.

ವಿಶ್ವಸಂಸ್ಥೆಯ ಸಭಾಂಗಣದ ಚಿತ್ರವನ್ನು ನೋಡಿ. ಪ್ರತಿಯೊಬ್ಬ ಪ್ರತಿನಿಧಿಯ ಮುಂದೆ ಹೆಸರಿನ ಫಲಕವುಂಟು, ಮೈಕು ಉಂಟು. ಅವುಗಳ ಜತೆಗೆ ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನ್ ಉಂಟು. ಗಾಜಿನ ಕೋಣೆಗಳಲ್ಲಿ ದುಭಾಷಿಗಳು ಕುಳಿತು, ಅರ್ಧ ಗಂಟೆಗೊಮ್ಮೆ ಸರದಿ ಬದಲಿಸುತ್ತ, ಮಾತು ನಡೆಯುತ್ತಿರುವಂತೆಯೇ ಅದನ್ನು ಮತ್ತೊಂದು ಭಾಷೆಗೆ ದಾಟಿಸುತ್ತಾರೆ. ನ್ಯೂರೆಂಬರ್ಗಿನಲ್ಲಿ ೧೯೪೫ರಿಂದ ನಾತ್ಸಿಗಳ ವಿಚಾರಣೆ ನಡೆದಾಗ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದ ಈ ವಿಧಾನವನ್ನು ವಿಶ್ವಸಂಸ್ಥೆ ೧೯೪೭ರಲ್ಲಿ ಒಪ್ಪಿಕೊಂಡಿತು. ನಮ್ಮ ಸಮ್ಮೇಳನಗಳು ಫಲಕವನ್ನು ತಂದವು, ಮೈಕನ್ನು ತಂದವು, ಅಧ್ಯಕ್ಷರ ಸುತ್ತಿಗೆಯನ್ನೂ ಕೋಟು ಟೈಗಳನ್ನೂ ತಂದವು. ಇಯರ್‌ಫೋನನ್ನು ಮಾತ್ರ ಮರೆತವು.

ಮರೆತದ್ದರ ಫಲ ಭಾಷೆಯ ಅನ್ಯಾಯವೊಂದೇ ಅಲ್ಲ. ಕೊನೆಯ ದಿನ "ಅತ್ಯುತ್ತಮ ಪ್ರತಿನಿಧಿ" ಎಂಬ ಬಹುಮಾನ ಒಬ್ಬನಿಗೆ ಸಿಗುತ್ತದೆ. ನಿಜವಾದ ಮಹಾಸಭೆಯಲ್ಲಿ ಹೆಚ್ಚಿನ ನಿರ್ಣಯಗಳು ಮತವೇ ಇಲ್ಲದೆ ಒಮ್ಮತದಿಂದ ಅಂಗೀಕಾರವಾಗುತ್ತವೆ. ಒಂದು ಪದಕ್ಕಾಗಿ ದಿನಗಟ್ಟಲೆ ಕುಳಿತು, ಇಬ್ಬರಿಗೂ ಪೂರ್ತಿ ಹಿಡಿಸದ, ಆದರೆ ಇಬ್ಬರೂ ಸಹಿಸಬಲ್ಲ ಮಾತೊಂದನ್ನು ಹುಡುಕುವುದೇ ಅಲ್ಲಿಯ ಕಸುಬು. ವಿಶ್ವಸಂಸ್ಥೆಯೇ ೨೦೨೦ರಲ್ಲಿ ಇಂಥ ಮಾದರಿ ಸಮ್ಮೇಳನಗಳಿಗೆಂದು ಕೈಪಿಡಿಯೊಂದನ್ನು ಹೊರಡಿಸಿ ಈ ಒಮ್ಮತದ ದಾರಿಯನ್ನು ವಿವರಿಸಿದೆ. ಬೇರೆಯವರು ಮಾತನಾಡುವಾಗ ತನ್ನ ಭಾಷಣವನ್ನು ಹೆಣೆಯುವವನು ಭಾಷಣ ಸ್ಪರ್ಧೆಯನ್ನು ಗೆದ್ದಾನು, ಒಪ್ಪಂದ ಮಾಡಿಸಲಾರ.

ಇನ್ನು ಆಕ್ಷೇಪಣೆಗಳು. "ಇಂಗ್ಲಿಷ್ ಇಲ್ಲದೆ ಲೋಕದಲ್ಲಿ ನಡೆಯುವುದುಂಟೆ?" ಇಲ್ಲ ಸ್ವಾಮಿ. ೧೯೪೫ರ ಜೂನ್ ೨೬ರಂದು ಸಾನ್ ಫ್ರಾನ್ಸಿಸ್ಕೊದಲ್ಲಿ ಭಾರತದ ಪರವಾಗಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದ ಸರ್ ಎ. ರಾಮಸ್ವಾಮಿ ಮೊದಲಿಯಾರರು ಮರುವರ್ಷ ನಮ್ಮ ಮೈಸೂರಿನ ದಿವಾನರಾಗಿ ಬಂದರು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. ಅವರ ಇಂಗ್ಲಿಷ್ ನಮ್ಮ ಹುಡುಗರಿಗೆಲ್ಲ ಬರಲಿ ಎಂದೇ ನನ್ನ ಹಾರೈಕೆ. ಆದರೆ ಈ ಕಮ್ಮಟ ಯಾರಿಗೂ ಇಂಗ್ಲಿಷ್ ಕಲಿಸಲಿಲ್ಲ. ಬರುವವರನ್ನು ಒಂದು ಕಡೆಗೂ ಬಾರದವರನ್ನು ಇನ್ನೊಂದು ಕಡೆಗೂ ಬೇರ್ಪಡಿಸಿತು, ಅಷ್ಟೆ. ಅದು ಜರಡಿಯ ಕೆಲಸ, ಗುರುವಿನ ಕೆಲಸವಲ್ಲ.

"ದುಭಾಷಿಗಳನ್ನು ಎಲ್ಲಿಂದ ತರೋಣ?" ಈ ಪ್ರಶ್ನೆಯನ್ನು ಬೇರೆ ಊರಿನವರು ಕೇಳಿದರೆ ಒಪ್ಪಬಹುದು, ಬೆಂಗಳೂರಿನವರು ಕೇಳಬಾರದು. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಗೆಳೆಯನೊಡನೆ ಉರ್ದು ಅಥವಾ ತಮಿಳು, ಪರೀಕ್ಷೆಯಲ್ಲಿ ಇಂಗ್ಲಿಷ್ ಬಳಸುವ ಮಕ್ಕಳು ಬೇಕಾದಷ್ಟು ಇದ್ದಾರೆ. ವೈದ್ಯರು ಹೇಳಿದ್ದನ್ನು ಅಜ್ಜಿಗೆ, ಅಜ್ಜಿ ಹೇಳಿದ್ದನ್ನು ವೈದ್ಯರಿಗೆ ತಿಳಿಸುವ ಹತ್ತು ವರ್ಷದ ಮಗುವೂ ದುಭಾಷಿಯೇ. ಈ ವಿದ್ಯೆಗೆ ಬೆಲೆಯುಂಟೆಂದು ಅವರಿಗೆ ಯಾರೂ ಹೇಳಿಲ್ಲ.

"ನೀವು ಕನ್ನಡ ಮೇಷ್ಟರು, ಇನ್ನೇನು ಹೇಳೀರಿ!" ಈ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿಲ್ಲ. ಒಂದನ್ನು ಮಾತ್ರ ನೆನಪಿಸುತ್ತೇನೆ. ಹಿಂದಿ ಇಂಗ್ಲಿಷುಗಳಲ್ಲಿ ಸಾಕಷ್ಟು ಹೇಳಲಾರದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತನಾಡಲು ಅನುಮತಿ ಕೊಡಬಹುದೆಂದು ನಮ್ಮ ಸಂವಿಧಾನದ ೧೨೦ನೆಯ ವಿಧಿ ಹೇಳುತ್ತದೆ. ೧೯೬೭ರಲ್ಲಿ ಶಿವಮೊಗ್ಗದಿಂದ ಆರಿಸಿಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು. ಅದರಿಂದ ಲೋಕಸಭೆಯ ಗೌರವ ಕುಗ್ಗಲಿಲ್ಲ. ದೆಹಲಿಯಲ್ಲಿ ಸಲ್ಲುವ ಕನ್ನಡ ಬೆಂಗಳೂರಿನ ಕಾಲೇಜಿನ ಸಭಾಂಗಣದಲ್ಲಿ ಸಲ್ಲದೆ?

ಸಮ್ಮೇಳನ ನಡೆಸುವವರಲ್ಲಿ ನನ್ನ ಬೇಡಿಕೆಗಳು ಮೂರು. ಒಂದು, ೫೩ನೆಯ ನಿಯಮವನ್ನು ನಿಮ್ಮ ನಿಯಮಾವಳಿಯಲ್ಲಿ ಸೇರಿಸಿ. ಎರಡು, ಭಾಷಣದ ಕಮ್ಮಟದಂತೆಯೇ ದುಭಾಷಿಗಳ ಕಮ್ಮಟವೊಂದನ್ನೂ ನಡೆಸಿ. ಗಾಜಿನ ಕೋಣೆ ಬೇಡ. ೧೯೪೭ಕ್ಕೆ ಮುಂಚೆ ವಿಶ್ವಸಂಸ್ಥೆಯಲ್ಲಿ ಸಾಮಾನ್ಯವಾಗಿ ಮಾಡುತ್ತಿದ್ದಂತೆ, ಮಾತು ಮುಗಿದ ಮೇಲೆ ಎದ್ದು ಅದನ್ನು ಮತ್ತೊಂದು ಭಾಷೆಯಲ್ಲಿ ಹೇಳಿದರಾಯಿತು. ಹೊತ್ತು ಹಿಡಿದೀತು, ಹಿಡಿಯಲಿ. ಒಂದು ಮಾತನ್ನು ಎರಡು ಸಲ ಕೇಳುವುದರಿಂದ ಯಾರೂ ಕೆಟ್ಟಿಲ್ಲ. ಮೂರು, ಬಹುಮಾನ ಕೊಡಲೇಬೇಕೆಂದರೆ, ಎದುರುಪಕ್ಷದ ವಾದವನ್ನು ಎದುರುಪಕ್ಷದವರೇ ತಲೆದೂಗುವಂತೆ ಹೇಳಬಲ್ಲವರಿಗೆ ಕೊಡಿ.

ಮೂರನೆಯ ದಿನ ನಮ್ಮ ಹುಡುಗಿ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಓದಿ ಕುಳಿತಳು. ಸಂಜೆ ಸಿಟಿ ಬಸ್ಸಿನಲ್ಲಿ ಹಿಂದಿರುಗುವಾಗ, "ನೀನು ಹೇಳಬೇಕೆಂದಿದ್ದುದು ಏನಮ್ಮಾ?" ಎಂದೆ. ಮೆಜೆಸ್ಟಿಕ್ ಬರುವವರೆಗೂ ಹೇಳಿದಳು: ಮೇಲಿನವನಿಗೆ ನೀರು ಅಣೆಕಟ್ಟಿನ ಅಳತೆಯಾಗಿ ಕಾಣುತ್ತದೆ, ಕೆಳಗಿನವನಿಗೆ ದಿನದ ಲೆಕ್ಕವಾಗಿ ಕಾಣುತ್ತದೆ, ಎಷ್ಟು ಕೊಡುತ್ತೀರಿ ಎಂಬುದಕ್ಕಿಂತ ಯಾವ ದಿನ ಕೊಡುತ್ತೀರಿ ಎಂಬುದೇ ಪೈರಿಗೆ ಮುಖ್ಯ. "ಸಾರ್, ಬೇಸಿಗೇಲಿ ಹತ್ತು ದಿನ ತಡ ಆದ್ರೆ, ಆಮೇಲೆ ಎಷ್ಟು ಬಿಟ್ರೂ ಅದು ಪ್ರವಾಹಾನೇ." ಬಾಂಗ್ಲಾದೇಶದ ಪರವಾಗಿ ಆ ಮೂರು ದಿನಗಳಲ್ಲಿ ಆದ ಒಳ್ಳೆಯ ಭಾಷಣ ಅದೇ. ಕೇಳಿದವರು ಇಬ್ಬರು, ನಾನು ಮತ್ತು ಟಿಕೆಟು ಕೊಡುವುದನ್ನು ಮರೆತು ನಿಂತ ಕಂಡಕ್ಟರು.

ಈ ವರ್ಷವೂ ಆಹ್ವಾನ ಬಂದಿದೆ. ವಿದ್ಯಾರ್ಥಿಗಳನ್ನು ಕರೆತರುತ್ತೇನೆ, ಆದರೆ ಜತೆಗೊಬ್ಬ ದುಭಾಷಿಯನ್ನೂ ಕರೆತರುತ್ತೇನೆ ಎಂದು ಉತ್ತರ ಬರೆದಿದ್ದೇನೆ. ಆಗ ನಗುವವರು ನಗಲಿ. ಈ ಸಲ ನಾನು ಕೊನೆಯ ಸಾಲಿನಲ್ಲಿ ಕೂರುವುದಿಲ್ಲ.