ತಿರುಗುವ ತಟ್ಟೆಯೂ ದುರಸ್ತಿಯ ವಿವೇಕವೂ

ಮಲೆನಾಡಿನ ಹಳೆಯ ಮನೆಗಳ ಅಟ್ಟವನ್ನು ಗುಡಿಸುವಾಗ ಒಡೆದ ಕಡಾಯಿ, ಬೀಗವಿಲ್ಲದ ಪೆಟ್ಟಿಗೆ, ಗೆದ್ದಲು ತಿಂದ ಪಂಚಾಂಗಗಳ ನಡುವೆ ಒಮ್ಮೊಮ್ಮೆ ಹಾಡಿನ ಪೆಟ್ಟಿಗೆಯೊಂದು ದೊರೆಯುತ್ತದೆ. ಮುಚ್ಚಳ ತೆರೆದರೆ ತಿರುಗುವ ತಟ್ಟೆ, ಅದರ ಪಕ್ಕದಲ್ಲಿ ಬಾಗಿದ ತೋಳು, ತೋಳಿನ ತುದಿಯಲ್ಲಿ ಮುಳ್ಳು. ಜತೆಗೆ ಬೂಷ್ಟು ಹಿಡಿದ ರಟ್ಟಿನ ಲಕೋಟೆಗಳಲ್ಲಿ ಹತ್ತಿಪ್ಪತ್ತು ‘ಪ್ಲೇಟು’ಗಳು. ಹೀಗೆ ದೊರೆತ ವಸ್ತು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ಒಂದು, ಗುಜರಿಯವನ ಗಾಡಿ. ಇನ್ನೊಂದು, ಹೋಂಸ್ಟೇಯ ಜಗಲಿಯಲ್ಲಿ ಪ್ರವಾಸಿಗರು ಫೋಟೋ ತೆಗೆದುಕೊಳ್ಳುವ ಅಲಂಕಾರದ ಸಾಮಾನು. ಮೂರನೆಯ ದಾರಿಯೂ ಇದೆ: ಅದನ್ನು ಸರಿಪಡಿಸಿ ಹಾಡಿಸುವುದು.

ಪರಿಸರ ಪತ್ರಿಕೆಯಲ್ಲಿ ಹಾಡಿನ ಪೆಟ್ಟಿಗೆಗೆ ಏನು ಕೆಲಸ ಎಂದು ಓದುಗರು ಕೇಳಬಹುದು. ಕಾಡು, ನೀರು, ಗಣಿ, ಅಣೆಕಟ್ಟುಗಳ ಪ್ರಶ್ನೆಗಳ ಮುಂದೆ ಇದು ಸಣ್ಣದು, ನಿಜ. ಆದರೆ ಬಳಸುವ ವಸ್ತುವಿನೊಂದಿಗೆ ಮನುಷ್ಯನ ಸಂಬಂಧ ಹೇಗಿರಬೇಕೆಂಬ ಪ್ರಶ್ನೆ ಸಣ್ಣದಲ್ಲ. ಆ ಪ್ರಶ್ನೆಯನ್ನು ಈ ಯಂತ್ರದಷ್ಟು ಸ್ಪಷ್ಟವಾಗಿ ಬಿಡಿಸಿ ತೋರಿಸುವ ವಸ್ತುಗಳು ಮನೆಯೊಳಗೆ ಹೆಚ್ಚು ಉಳಿದಿಲ್ಲ.

ಅರಗಿನಿಂದ ಪ್ಲಾಸ್ಟಿಕ್ಕಿಗೆ

ಹಾಡಿನ ತಟ್ಟೆಯ ಚರಿತ್ರೆ ಕಾಡಿನಿಂದಲೇ ಆರಂಭವಾಗುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ತಟ್ಟೆಗಳು ಅರಗಿನಿಂದ ಆದವು. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗಳ ಮೇಲೆ ಬದುಕುವ ‘ಕೆರ್ರಿಯಾ ಲಕ್ಕಾ’ ಎಂಬ ಪುಟ್ಟ ಕೀಟ ತನ್ನ ರಕ್ಷಣೆಗಾಗಿ ಸ್ರವಿಸುವ ರಾಳವೇ ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ, ಬಡಗಿಗಳು ಸ್ಪಿರಿಟ್‌ನಲ್ಲಿ ಕರಗಿಸಿ ಕುರ್ಚಿ ಮೇಜುಗಳಿಗೆ ಬಳಿಯುವುದೂ ಇದನ್ನೇ. ಕಲ್ಲಿನ ಪುಡಿ, ಕಾಡಿಗೆಯಂಥ ಇಂಗಾಲದ ಪುಡಿಗಳನ್ನು ಅರಗಿನಲ್ಲಿ ಬೆರೆಸಿ, ಬಿಸಿಮಾಡಿ, ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳು ಅಚ್ಚಾದದ್ದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆ ಆರಂಭವಾಯಿತು. ಛೋಟಾ ನಾಗಪುರದ ಕಾಡಿನವರು ಕೊಯ್ದ ಅರಗು ಜಗತ್ತಿನ ಸಂಗೀತಕ್ಕೆ ಮೈಯಾಯಿತು. ಈ ಕೀಟದ ಅಧ್ಯಯನಕ್ಕೆಂದೇ 1924ರಲ್ಲಿ ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕವು ತಟ್ಟೆಗಳಿಗೆ ಅರಗು ಬಳಸುವುದಕ್ಕೆ ಕಡಿವಾಣ ಹಾಕಿತು. ಹಳೆಯ ತಟ್ಟೆಗಳನ್ನು ಸಂಗ್ರಹಿಸಿ, ಪುಡಿಮಾಡಿ, ಹೊಸದಕ್ಕೆ ಬೆರೆಸಿದರು. 1948ರಲ್ಲಿ ವಿನೈಲ್ ಪ್ಲಾಸ್ಟಿಕ್ಕಿನ, ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ತಟ್ಟೆ ಬಂದಿತು. ಮೂರು ನಿಮಿಷಕ್ಕೆ ಮುಗಿಯುತ್ತಿದ್ದ ಒಂದು ಮಗ್ಗುಲು ಇಪ್ಪತ್ತು ನಿಮಿಷ ದಾಟಿತು. ಬಿದ್ದರೆ ಒಡೆಯುವ ಭಯ ಹೋಯಿತು. ಸಂಗೀತಕ್ಕೆ ಇದರಿಂದಾದ ಲಾಭ ದೊಡ್ಡದು. ಅದಕ್ಕೆ ತೆತ್ತ ಬೆಲೆಯನ್ನೂ ಹೇಳಲೇಬೇಕು. ಈ ಪ್ಲಾಸ್ಟಿಕ್ಕಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ ಇರುತ್ತದೆ. ಅದರ ಮೂಲದ್ರವ್ಯವಾದ ವಿನೈಲ್ ಕ್ಲೋರೈಡ್ ಅನಿಲವು ಕ್ಯಾನ್ಸರ್‌ಕಾರಕ. 1974ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಕಾರ್ಖಾನೆಯೊಂದರ ಕಾರ್ಮಿಕರಲ್ಲಿ ಯಕೃತ್ತಿನ ಅಪರೂಪದ ಕ್ಯಾನ್ಸರ್ ಕಂಡುಬಂದಾಗ ಇದು ಜಗತ್ತಿಗೆ ತಿಳಿಯಿತು. 2023ರ ಫೆಬ್ರವರಿಯಲ್ಲಿ ಓಹಾಯೋದ ಈಸ್ಟ್ ಪ್ಯಾಲೆಸ್ಟೈನ್ ಊರಿನಲ್ಲಿ ಹಳಿ ತಪ್ಪಿದ ರೈಲು ಹೊತ್ತಿದ್ದುದೂ ಇದೇ ಅನಿಲವನ್ನು.

ಆದ್ದರಿಂದ ವಿನೈಲ್ ತಟ್ಟೆಯನ್ನು ‘ಹಸಿರು’ ಎಂದು ಕರೆಯಲಾಗದು. ಆದರೆ ಈಗಾಗಲೇ ತಯಾರಾಗಿ ಮನೆಯಲ್ಲಿರುವ ತಟ್ಟೆಯ ಕೆಡುಕು ಆಗಿಹೋಗಿದೆ. ಅದನ್ನು ಸುಟ್ಟರೆ ವಿಷಾನಿಲ, ಹಳ್ಳಕ್ಕೆ ಎಸೆದರೆ ಶತಮಾನದ ಕಸ. ಜೋಪಾನ ಮಾಡಿದರೆ ಇನ್ನೆರಡು ತಲೆಮಾರಿಗೆ ಹಾಡು. ವಿವೇಕ ಯಾವ ಕಡೆಗಿದೆ ಎಂಬುದಕ್ಕೆ ದೊಡ್ಡ ತರ್ಕ ಬೇಕಿಲ್ಲ.

ಮೊದಲು ಬಸಿಗಾಲುವೆ, ಆಮೇಲೆ ಗೊಬ್ಬರ

ಅಡಿಕೆ ತೋಟದಲ್ಲಿ ಫಸಲು ಇಳಿದರೆ ಅನುಭವಿ ಕೃಷಿಕ ಮೊದಲು ಬಸಿಗಾಲುವೆಯನ್ನು ನೋಡುತ್ತಾನೆ. ನೀರು ನಿಂತ ತೋಟಕ್ಕೆ ಎಷ್ಟು ಗೊಬ್ಬರ ಸುರಿದರೂ ಫಲವಿಲ್ಲ. ಹಾಡಿನ ಯಂತ್ರದ ಸುಧಾರಣೆಗೂ ಇದೇ ಕ್ರಮ ಅನ್ವಯಿಸುತ್ತದೆ. ಧ್ವನಿ ಚೆನ್ನಾಗಿಲ್ಲವೆಂದು ಹೊಸ ಯಂತ್ರಕ್ಕೆ ಹಣ ಸುರಿಯುವ ಮುನ್ನ ಹೆಚ್ಚು ಖರ್ಚಿಲ್ಲದ ಕೆಲಸಗಳು ಹಲವಿವೆ.

ಮೊದಲನೆಯದು ಸಮತಲ. ಗಾರೆ ಕೆಲಸದವರ ಮಟ್ಟಗೋಲನ್ನು ತಟ್ಟೆಯ ಮೇಲಿಟ್ಟು, ಕಾಲುಗಳ ಕೆಳಗೆ ತುಂಡು ರಟ್ಟು ಕೊಟ್ಟಾದರೂ ಸರಿಮಾಡಬೇಕು. ಹಲಗೆ ನೆಲದ ಮಹಡಿಯಲ್ಲಿ ನಡೆದಾಗ ಮುಳ್ಳು ಹಾರುವುದಿದ್ದರೆ ಗೋಡೆಗೆ ಬಡಿದ ಗಟ್ಟಿ ಹಲಗೆಯ ಮೇಲೆ ಇಡುವುದು ಲೇಸು.

ಎರಡನೆಯದು ವೇಗ. ವಿದ್ಯಾರ್ಥಿಗಳು ಇದನ್ನು ಉಪಕರಣವಿಲ್ಲದೆ ಪರೀಕ್ಷಿಸಬಹುದು. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ ಎಣಿಸಿದರೆ ಎಲ್‌ಪಿಯ ವೇಗದಲ್ಲಿ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು ಬರಬೇಕು. ಕಡಿಮೆ ಬಂದರೆ ರಬ್ಬರ್ ಬೆಲ್ಟು ಸಡಿಲವಾಗಿರಬಹುದು, ಅಥವಾ ನಡುವಿನ ದಂಡದ ಎಣ್ಣೆ ಒಣಗಿ ಅಂಟಾಗಿರಬಹುದು. ಬೆಲ್ಟನ್ನು ಬದಲಿಸಿ, ದಂಡವನ್ನು ಒರೆಸಿ, ಒಂದೆರಡು ಹನಿ ತೆಳು ಯಂತ್ರದೆಣ್ಣೆ ಬಿಟ್ಟರೆ ಅನೇಕ ಯಂತ್ರಗಳು ಮರುಹುಟ್ಟು ಪಡೆಯುತ್ತವೆ. ಕೊಬ್ಬರಿ ಎಣ್ಣೆ ಬಿಡುವುದು ತಪ್ಪು. ಅದು ಚಳಿಗೆ ಹೆಪ್ಪುಗಟ್ಟುತ್ತದೆ. ಅಮೆರಿಕದಿಂದ ಬಂದ ಕೆಲವು ಯಂತ್ರಗಳ ಮೋಟಾರು ಅಲ್ಲಿನ 60 ಆವರ್ತನದ ವಿದ್ಯುತ್ತಿಗೆ ಹೊಂದಿರುತ್ತದೆ. ಇಲ್ಲಿನ 50 ಆವರ್ತನದಲ್ಲಿ ಅದು ಆರನೆಯ ಒಂದು ಭಾಗ ನಿಧಾನವಾಗಿ, ಶ್ರುತಿ ಇಳಿಸಿ ಹಾಡುತ್ತದೆ. ಅಂಥ ದೋಷಕ್ಕೆ ಬೇಕಾದದ್ದು ಮೋಟಾರಿನ ಸಣ್ಣ ರಾಟೆಯ ಬದಲಾವಣೆಯೇ ಹೊರತು ಹೊಸ ಯಂತ್ರವಲ್ಲ.

ಮೂರನೆಯದು ಮುಳ್ಳು. ಇಡೀ ಯಂತ್ರದಲ್ಲಿ ಹೆಚ್ಚು ಗಮನ ಬೇಡುವ ಭಾಗವಿದು. ಎಲ್‌ಪಿಗೆ ಬಳಸುವ ವಜ್ರದ ಮೊನೆ ಸಾಮಾನ್ಯವಾಗಿ ಐನೂರರಿಂದ ಸಾವಿರ ಗಂಟೆ ಬಾಳುತ್ತದೆ. ಅನಂತರ ಸವೆದು ಉಳಿಯ ಅಂಚಿನಂತಾಗಿ ತಟ್ಟೆಯ ಗೆರೆಯನ್ನೇ ಕೆತ್ತತೊಡಗುತ್ತದೆ. ಆಗ ಹಾಳಾಗುವುದು ಮುಳ್ಳಲ್ಲ, ಹಾಡು. ತೋಳಿನ ಭಾರ ಎಷ್ಟಿರಬೇಕೆಂಬುದನ್ನು ಮುಳ್ಳು ತಯಾರಿಸಿದವರೇ ತಿಳಿಸಿರುತ್ತಾರೆ. ಹೆಚ್ಚಿನವಕ್ಕೆ ಅದು ಒಂದೂವರೆಯಿಂದ ಎರಡು ಗ್ರಾಂ, ಒಣಗಿದ ಒಂದು ಅಡಿಕೆಯ ತೂಕಕ್ಕಿಂತಲೂ ಎಷ್ಟೋ ಕಡಿಮೆ. ಭಾರ ಕಡಿಮೆಯಾದಷ್ಟೂ ತಟ್ಟೆಗೆ ಕ್ಷೇಮವೆಂಬ ನಂಬಿಕೆ ವ್ಯಾಪಕವಾಗಿದೆ; ಅದು ಸರಿಯಲ್ಲ. ತೀರ ಹಗುರಾದ ಮುಳ್ಳು ಗೆರೆಯೊಳಗೆ ಸ್ಥಿರವಾಗಿ ಕೂರದೆ, ಪುಟಿದು ಪುಟಿದು ಗೋಡೆಗಳನ್ನು ಗಾಯಗೊಳಿಸುತ್ತದೆ. ಹಾಗೆಯೇ 78ರ ತಟ್ಟೆಯ ಗೆರೆ ಅಗಲ, ಎಲ್‌ಪಿಯ ಗೆರೆ ಸಪೂರ. ಒಂದರ ಮುಳ್ಳನ್ನು ಇನ್ನೊಂದಕ್ಕೆ ಬಳಸಬಾರದು.

ಇಷ್ಟನ್ನು ಮಾಡಿದ ಮೇಲೂ ಉತ್ತಮ ಧ್ವನಿ ಬೇಕೆನಿಸಿದರೆ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ಬದಲಿಸಬಹುದು. ಅದಕ್ಕೂ ಮೀರಿದರೆ ಮಾತ್ರ ಯಂತ್ರದ ಮಾತು. ಒಳ್ಳೆಯ ತಯಾರಕರು ಇದನ್ನು ಅರಿತಿದ್ದರು. ಸ್ಕಾಟ್ಲೆಂಡಿನಲ್ಲಿ 1970ರ ದಶಕದ ಆರಂಭದಲ್ಲಿ ಬಂದ ಲಿನ್ ಎಲ್‌ಪಿ12 ಯಂತ್ರಕ್ಕೆ ದಶಕಗಳ ಅನಂತರ ರೂಪಿಸಿದ ಬಿಡಿಭಾಗಗಳನ್ನೂ ಜೋಡಿಸಬಹುದು. ಹಳೆಯ ಯಂತ್ರವನ್ನು ಎಸೆಯದೆ ಭಾಗಭಾಗವಾಗಿ ಹೊಸತಾಗಿಸುವ ಈ ಪದ್ಧತಿ, ಹೆಂಚು ಒಡೆದಾಗ ಹೆಂಚನ್ನಷ್ಟೇ ಬದಲಿಸುವ ಮಲೆನಾಡಿನ ಮನೆಯ ಪದ್ಧತಿಯೇ.

ಮಳೆಗಾಲದ ಆರೈಕೆ

ಮಲೆನಾಡಿನಲ್ಲಿ ತಟ್ಟೆಗಳ ಮೊದಲ ಶತ್ರು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿದಾಗ ರಟ್ಟಿನ ಲಕೋಟೆಗಳು ನೀರು ಹೀರುತ್ತವೆ. ಬೂಷ್ಟು ಅಲ್ಲಿಂದ ತಟ್ಟೆಯ ಗೆರೆಗಳಿಗೆ ಇಳಿಯುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು, ಹೊರಗೋಡೆಗೆ ತಾಗಿಸಬಾರದು. ತೇವ ಆರಿಸುವ ನೆಪದಲ್ಲಿ ಬಿಸಿಲಿಗಾಗಲಿ, ಒಲೆಯ ಮೇಲಿನ ಅಟ್ಟಕ್ಕಾಗಲಿ ಒಯ್ದರೆ ವಿನೈಲ್ ಹಪ್ಪಳದಂತೆ ಬಾಗುತ್ತದೆ.

ವಿನೈಲ್ ತಟ್ಟೆಗೆ ಬೂಷ್ಟು ಹಿಡಿದರೆ ಬಟ್ಟಿ ಇಳಿಸಿದ ನೀರಿಗೆ ಒಂದೆರಡು ಹನಿ ಮೃದು ಮಾರ್ಜಕ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲಿಯೇ ಒರೆಸಿ, ಶುದ್ಧ ನೀರಿನಿಂದ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ನಡುವಿನ ಕಾಗದದ ಚೀಟಿ ನೆನೆಯದಂತೆ ನೋಡಿಕೊಳ್ಳಬೇಕು. ಅರಗಿನ ತಟ್ಟೆಗೆ ಮಾತ್ರ ಸ್ಪಿರಿಟ್ ಸೋಂಕಲೇಬಾರದು. ಬಡಗಿಯ ಪಾತ್ರೆಯಲ್ಲಿ ಅರಗು ಕರಗುವಂತೆಯೇ ತಟ್ಟೆಯ ಮೈಯೂ ಕರಗಿ, ನೂರು ವರ್ಷದ ಕಂಠವೊಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ. ಈ ಮಾತು ಉತ್ಪ್ರೇಕ್ಷೆಯಲ್ಲ. ಪಿಟೀಲು ಚೌಡಯ್ಯನವರ ನಾದ, 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನ್ಸೂರ ಹಾಗೂ ಗಂಗೂಬಾಯಿ ಹಾನಗಲ್ ಅವರು ಹಾಡಿದ ಎಳೆಯ ದನಿ ಮೊದಲು ಉಳಿದದ್ದು ಇಂಥ ಅರಗಿನ ತಟ್ಟೆಗಳಲ್ಲಿಯೇ. ಹಳ್ಳಿಯ ಅಟ್ಟದಲ್ಲಿ ಚೀಟಿ ಹರಿದು ಬಿದ್ದಿರುವ ತಟ್ಟೆಯಲ್ಲಿ ಯಾರ ಕಂಠವಿದೆಯೋ, ಕೇಳದೆ ತೀರ್ಮಾನಿಸುವಂತಿಲ್ಲ.

ಕೊಳ್ಳುವ ಚಪಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯದರ ಪ್ರೀತಿಯೇ ಹೊಸ ಮಾರುಕಟ್ಟೆಯಾಗುವುದಕ್ಕೆ ತಡವಾಗುವುದಿಲ್ಲ. ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ 1987ರ ಅನಂತರ ಮೊದಲ ಬಾರಿಗೆ ಸಿಡಿಗಳ ಸಂಖ್ಯೆಯನ್ನು ಮೀರಿತು. ಒಂದೇ ಹಾಡುಗಳನ್ನು ನಾಲ್ಕು ಬಣ್ಣದ ತಟ್ಟೆಗಳಲ್ಲಿ ಮಾರುವುದೂ, ಅವನ್ನು ಕೊಂಡು ಲಕೋಟೆಯನ್ನೂ ಬಿಚ್ಚದೆ ಇಡುವುದೂ ನಡೆದಿದೆ. ಸಾಮಾನ್ಯ ಎಲ್‌ಪಿ 120ರಿಂದ 140 ಗ್ರಾಂ ತೂಗಿದರೆ, ಈಗ 180 ಗ್ರಾಂನ ದಪ್ಪ ತಟ್ಟೆ ಪ್ರತಿಷ್ಠೆಯ ಗುರುತಾಗಿದೆ. ಹೆಚ್ಚಿನ ತೂಕದಿಂದ ಹೆಚ್ಚುವುದು ಖಚಿತವಾಗಿ ಪ್ಲಾಸ್ಟಿಕ್ಕು ಮಾತ್ರ. ಧ್ವನಿಯ ಗುಣ ಗೆರೆಯನ್ನು ಕೆತ್ತಿದವರ ಕೌಶಲವನ್ನು ಅವಲಂಬಿಸುತ್ತದೆ. ಇಂಥ ಕೊಳ್ಳುಬಾಕತನವನ್ನು ಪರಿಸರ ಪ್ರೀತಿಯೆಂದು ಕರೆಯುವುದು ಆತ್ಮವಂಚನೆಯಾಗುತ್ತದೆ.

ಹಾಗೆಂದು ಮೊಬೈಲಿನಲ್ಲಿ ಕೇಳುವ ಹಾಡಿಗೆ ತೂಕವೇ ಇಲ್ಲವೆಂಬುದೂ ಭ್ರಮೆ. ಅದರ ಹಿಂದೆ ಹಗಲಿರುಳು ವಿದ್ಯುತ್ ಕುಡಿಯುವ ದತ್ತಾಂಶ ಕೇಂದ್ರಗಳಿವೆ, ಕೆಲವೇ ವರ್ಷಗಳಿಗೆ ಕಸವಾಗುವ ಉಪಕರಣಗಳಿವೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಉಂಟಾದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಹೀಗಿರುವಾಗ ಹಳತೋ ಹೊಸತೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ: ಕೆಟ್ಟಾಗ ಬಿಚ್ಚಲು ಬರುತ್ತದೆಯೋ ಇಲ್ಲವೋ.

ಹಾಡಿನ ಪೆಟ್ಟಿಗೆಯಿಂದ ತೋಟಕ್ಕೆ

ಈ ಪ್ರಶ್ನೆ ಸಂಗೀತಕ್ಕೆ ಸೀಮಿತವಲ್ಲ. ಔಷಧಿ ಹೊಡೆಯುವ ಬ್ಯಾಟರಿ ಯಂತ್ರ, ಕಳೆ ಕತ್ತರಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಸೌರಬೇಲಿಯ ಪೆಟ್ಟಿಗೆ, ಇವೆಲ್ಲ ಕೃಷಿಕನ ಮನೆಗೆ ಬಂದಿವೆ. ಒಳಗಿನ ಸಣ್ಣ ಹಲಗೆಯೊಂದು ಸುಟ್ಟರೆ ಬಿಡಿಭಾಗ ಸಿಗುವುದಿಲ್ಲ, ನಕ್ಷೆ ಸಿಗುವುದಿಲ್ಲ. ‘ಹೊಸದೇ ತಗೊಳ್ಳಿ, ಅದೇ ಲಾಭ’ ಎಂಬ ಉತ್ತರ ಸಿಗುತ್ತದೆ. ಗುಡುಗಿನ ಕಾಲದಲ್ಲಿ ಒಂದು ಸಿಡಿಲಿಗೆ ಊರಿನ ಹತ್ತು ಮನೆಗಳ ಉಪಕರಣಗಳು ಹೀಗೆ ಕಸವಾಗುತ್ತವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ರೂಪಿಸತೊಡಗಿದ ಚೌಕಟ್ಟಿನಲ್ಲಿ ಕೃಷಿ ಉಪಕರಣಗಳೂ ಸೇರಿವೆ. ಐರೋಪ್ಯ ಒಕ್ಕೂಟವು 2024ರಲ್ಲಿ ಈ ಹಕ್ಕಿನ ಬಗ್ಗೆ ನಿರ್ದೇಶನವನ್ನೇ ಹೊರಡಿಸಿತು. ಆದರೆ ದುರಸ್ತಿ ಮಾಡುವ ಕೈಗಳೇ ಇಲ್ಲದಿದ್ದರೆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ತಾಲ್ಲೂಕು ಪೇಟೆಯ ರೇಡಿಯೋ ರಿಪೇರಿ ಅಂಗಡಿ ಬಾಗಿಲು ಹಾಕಿದಾಗ ಊರು ಕಳೆದುಕೊಳ್ಳುವುದು ಬೆಸುಗೆ ಹಾಕುವ, ದೋಷ ಹುಡುಕುವ, ತಾಳ್ಮೆಯಿಂದ ಬಿಚ್ಚಿ ಜೋಡಿಸುವ ಒಂದು ವಿದ್ಯೆಯನ್ನು.

ಆ ವಿದ್ಯೆಯನ್ನು ಕಲಿಯಲು ಹಾಡಿನ ಯಂತ್ರಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಅದರಲ್ಲಿ ಚಲಿಸುವ ಭಾಗಗಳೆಲ್ಲ ಕಣ್ಣಿಗೆ ಕಾಣುತ್ತವೆ, ತಪ್ಪು ಕಿವಿಗೆ ಕೇಳುತ್ತದೆ, ಸರಿಯಾದಾಗ ಹಾಡೇ ಬಹುಮಾನವಾಗುತ್ತದೆ. ಊರೂರಿನ ಯುವಕ ಸಂಘಗಳು ಈ ಮಳೆಗಾಲದಲ್ಲಿ ಮೂರು ಕೆಲಸ ಮಾಡಬಹುದು. ಅಟ್ಟದಲ್ಲಿರುವ ಯಂತ್ರಗಳನ್ನೂ ತಟ್ಟೆಗಳನ್ನೂ ಪಟ್ಟಿಮಾಡುವುದು. ಹಳೆಯ ರೇಡಿಯೋ ರಿಪೇರಿಯವರು ಬದುಕಿರುವಾಗಲೇ ಅವರ ಪಕ್ಕದಲ್ಲಿ ವಿದ್ಯಾರ್ಥಿಗಳನ್ನು ಕೂರಿಸುವುದು. ಸರಿಯಾದ ಯಂತ್ರವನ್ನು ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇಟ್ಟು ತಿಂಗಳಿಗೊಮ್ಮೆ ಊರವರು ಒಟ್ಟಿಗೆ ಕೇಳುವುದು. ಮನೆಗೊಂದು ಯಂತ್ರ ಬೇಕಿಲ್ಲ, ಊರಿಗೊಂದು ಸಾಕು.

ಗುಜರಿಯವನ ಗಾಡಿ ಮಳೆ ನಿಂತ ಮೇಲೆ ಮತ್ತೆ ಘಟ್ಟ ಹತ್ತುತ್ತದೆ. ಅಷ್ಟರೊಳಗೆ ಅಟ್ಟ ಹತ್ತುವುದು ಒಳಿತು.